ಬಸ್ ಸ್ಟ್ಯಾಂಡಿನೆದುರು ಮಗಳ ಮುಖ

ಸೌಮ್ಯ ನಾಯ್ಕ ಟಿಕೆಟ್ ಕೊಡುವಾಗ ಜನರ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ಯಾರ ಕೈ ಚೀಲದ ಕಡೆ ಹೋಗುತ್ತದೆ, ಯಾರದ್ದು ಕಿಟಕಿಯ ಸರಳು ಹಿಡಿದು ನಿದ್ದೆ ಬಂದವರಂತೆ ಸುಮ್ಮನಿರುತ್ತದೆ ಎಂಬುದರ ಮೇಲೆ ಅವಳಿಗೆ ಅರ್ಧ ಬಸ್ಸಿನ ಲೆಕ್ಕ ಸಿಕ್ಕಿಬಿಡುತ್ತದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೊನ್ನೆ ಟಿಕೆಟ್ ಹರಿದು ಹರಿದು ಬೆರಳು ಸವೆದಿದೆ ಎಂದು ಅವಳು ತಮಾಷೆ ಮಾಡುವುದುಂಟು. ಕಂಡಕ್ಟರಾಗಿ ಒಂಬತ್ತು ವರ್ಷ. ಅವಳದ್ದು ನಿಲ್ಕುಂದದ ವಸ್ತಿ ಬಸ್ಸು. ರಾತ್ರಿ ಅಲ್ಲೇ ನಿಂತು ಬೆಳಿಗ್ಗೆ ಶಿರಸಿಗೆ ಹೊರಡುತ್ತದೆ, ಹಗಲು ಒಂದು ಸಲ ಯಲ್ಲಾಪುರಕ್ಕೆ ಹೋಗಿ ಬರುತ್ತದೆ, ಕತ್ತಲಾಗುವಾಗ ಮತ್ತೆ ನಿಲ್ಕುಂದ. ಅವಳ ಮನೆ ಬಸ್ಸು ನಿಲ್ಲುವಲ್ಲಿಂದ ನಡೆದು ಹೋಗುವಷ್ಟು ದೂರ. ಇಂಥ ಅನುಕೂಲ ಇಡೀ ಡಿಪೋದಲ್ಲಿ ಯಾರಿಗೂ ಇಲ್ಲ ಎಂದು ಉಳಿದ ಕಂಡಕ್ಟರುಗಳು ಹೊಟ್ಟೆಕಿಚ್ಚು ಪಡುತ್ತಿದ್ದರು. ಆದರೆ ಅವಳು ಮನೆ ಬಿಡುವಾಗ ಮಗಳು ಮಲಗಿರುತ್ತಾಳೆ, ಮರಳುವಾಗ ಊಟ ಮುಗಿಸಿ ತೂಕಡಿಸುತ್ತಿರುತ್ತಾಳೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮಗಳು ದಿವ್ಯಾ ಊರಿನ ಸರಕಾರಿ ಶಾಲೆಯಲ್ಲಿ ಐದನೆಯ ತರಗತಿ. ಈ ಹುಡುಗಿಯ ತಲೆ ಬೇರೆ ಥರ ಓಡುತ್ತದೆ ಎಂದು ಮೊದಲು ಕಂಡುಹಿಡಿದವರು ಅಲ್ಲಿನ ಶಿಕ್ಷಕಿ ಗಂಗಾಂಬಿಕಾ ಅಕ್ಕೋರು. ಬನವಾಸಿ ಕಡೆಯವರು, ವರ್ಗವಾಗಿ ಬಂದು ಇಲ್ಲೇ ಬಾಡಿಗೆ ಮನೆ ಮಾಡಿಕೊಂಡಿದ್ದರು. ಮೂರನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ದಿವ್ಯಾ ಉತ್ತರ ಹೇಳಿ ಕಿಟಕಿಯಾಚೆ ನೋಡುತ್ತಿದ್ದಳಂತೆ. ಅಂದಿನಿಂದ ಶಾಲೆ ಬಿಟ್ಟ ಮೇಲೆ ಅಕ್ಕೋರು ಅವಳನ್ನು ಕೂರಿಸಿಕೊಂಡು ಹೇಳಿಕೊಟ್ಟರು. ನವೋದಯದ ಪರೀಕ್ಷೆಗೆ ಅರ್ಜಿ ಹಾಕಿಸಿದರು, ಪರೀಕ್ಷೆಯ ದಿನ ಜೊತೆಗೆ ಹೋಗಿ ಗೇಟಿನ ಹೊರಗೆ ಕೂತರು. ಆಯ್ಕೆಯಾದ ಸುದ್ದಿಯನ್ನು ಸೌಮ್ಯಳಿಗೆ ಫೋನಿನಲ್ಲಿ ತಿಳಿಸಿದವರೂ ಅವರೇ. ಆಗ ಬಸ್ಸು ಯಲ್ಲಾಪುರದಲ್ಲಿತ್ತು. ಸೌಮ್ಯ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡಿದ್ದನ್ನು ಡ್ರೈವರ್ ಚನ್ನಬಸವ ನೋಡಿ, ಯಾರೋ ತೀರಿಕೊಂಡಿರಬೇಕು ಎಂದು ಗಾಬರಿಯಾಗಿದ್ದ.

ಸಂತೋಷದ ಬೆನ್ನಿಗೇ ಚರ್ಚೆ ಶುರುವಾಯಿತು. ನವೋದಯ ಅಂದರೆ ಹಾಸ್ಟೆಲ್ಲು, ಹತ್ತು ವರ್ಷದ ಮಗು ಮನೆ ಬಿಡಬೇಕು. ಅದೇ ಹೊತ್ತಿಗೆ ಶಿರಸಿಯ ‘ಮೇರುಪ್ರಜ್ಞಾ ಟ್ಯಾಲೆಂಟ್ ಸ್ಕೂಲ್’ನಿಂದ ಉಲ್ಲಾಸ ಎಂಬವರು ಫೋನ್ ಮಾಡಿದರು. ಆರನೆಯ ತರಗತಿಯಿಂದ ಜಾಣ ಮಕ್ಕಳಿಗೆಂದೇ ಬೇರೆ ಬ್ಯಾಚು, ನಿಮ್ಮ ಮಗಳಿಗೆ ಹತ್ತನೆಯವರೆಗೆ ಎಲ್ಲವೂ ಉಚಿತ, ದಿನಾ ಮನೆಯಿಂದಲೇ ಓಡಾಡಬಹುದು ಎಂದರು. ಸೌಮ್ಯಳ ಗಂಡ ನವೀನ, ಗದ್ದೆ ಮತ್ತು ಶುಂಠಿ ಬೆಳೆಯ ಮನುಷ್ಯ, ಅಷ್ಟಕ್ಕೇ ಒಲಿದುಬಿಟ್ಟ. ಸೌಮ್ಯಳಿಗೆ ನವೋದಯವೇ ಬೇಕಿತ್ತು. ಗಂಗಾಂಬಿಕಾ ಅಕ್ಕೋರನ್ನು ಕೇಳಿದರೆ ಅವರು ಮೂರನೆಯ ದಾರಿ ತೋರಿಸಿದರು. “ನವೋದಯ ಚೊಲೋ ಸಾಲಿ, ಕಳಸ್ರಿ ಅಂತೀನಿ. ಆದ್ರ ಹುಡುಗಿ ಇನ್ನೂ ಸಣ್ಣಾಕಿ ಅನಸಿದ್ರ ನಮ್ಮ ಸಾಲ್ಯಾಗೇ ಏಳನೇ ಇಯತ್ತೆ ತನಕ ಕಲೀಲಿ. ನಾ ಅದೀನಲ್ಲ. ಪಟ್ಟಣದ ಆ ಬ್ಯಾಚಿನ ಸುದ್ದಿ ಮಾತ್ರ ನನಗ ಗೊತ್ತಿಲ್ರಿ.”

ಹೀಗೆ ಮನೆಯಲ್ಲಿ ದಿನಾ ಅದೇ ಮಾತು. ಮಾತಾಡುವವರು ದೊಡ್ಡವರೇ. ದಿವ್ಯಾ ತೂಕಡಿಸುತ್ತಲೇ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹಾಯಿಸುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಬಸ್ಸು ಶಿರಸಿಯ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ತಿರುಗುತ್ತಿತ್ತು. ಚನ್ನಬಸವ ವೇಗ ಇಳಿಸಿ, ಹಿಂದೆ ನೋಡದೆಯೇ ಕೂಗಿದ.

“ಅಕ್ಕಾರ, ಅಲ್ಲಿ ಮ್ಯಾಲೆ ನೋಡ್ರಿ. ನಿಮ್ಮ ಮಗಳಲ್ಲೇನ್ರಿ ಅಕಿ?”

ಸೌಮ್ಯ ಬಗ್ಗಿ ಮುಂದಿನ ಗಾಜಿನಿಂದ ನೋಡಿದಳು. ಎರಡು ಅಂಗಡಿಗಳ ತಲೆಯ ಮೇಲೆ ಅಡ್ಡಕ್ಕೆ ಕಟ್ಟಿದ ಫ್ಲೆಕ್ಸು, ಅದರ ನಟ್ಟನಡುವೆ ದಿವ್ಯಾ. ಎಡಗೆನ್ನೆಯ ಮಚ್ಚೆ ಒಂದು ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೈಮೇಲೆ ಬಿಳಿ ಅಂಗಿ, ಕೊರಳಲ್ಲಿ ನೀಲಿ ಟೈ. ಆ ಅಂಗಿ ಅವಳದಲ್ಲ, ಟೈ ಕಟ್ಟುವ ಶಾಲೆಗೆ ಅವಳು ಯಾವತ್ತೂ ಹೋದವಳಲ್ಲ. ಕೆಳಗೆ ಬರೆದಿತ್ತು: ‘ನವೋದಯಕ್ಕೆ ಆಯ್ಕೆಯಾದ ನಮ್ಮ ಹೆಮ್ಮೆಯ ವಿದ್ಯಾರ್ಥಿನಿ ಕುಮಾರಿ ದಿವ್ಯಾ ನವೀನ ನಾಯ್ಕ. ಮೂರು ವರ್ಷಗಳ ನಿರಂತರ ತರಬೇತಿಯ ಫಲ. ಮೇರುಪ್ರಜ್ಞಾ ಟ್ಯಾಲೆಂಟ್ ಸ್ಕೂಲ್, ಶಿರಸಿ.’

ಅವಳಿಗೆ ಮೊದಲು ಅನಿಸಿದ್ದು ಭಯ. ಕಾಣೆಯಾದವರ, ತೀರಿಕೊಂಡವರ ಫೋಟೋಗಳೇ ಹೀಗೆ ದಾರಿಯ ಮೇಲೆ ದೊಡ್ಡದಾಗಿ ನಿಲ್ಲುವುದು ಎಂಬ ಯೋಚನೆ ಎಲ್ಲಿಂದಲೋ ಬಂತು. ಬೆಳಿಗ್ಗೆ ತಾನೇ ಹೊದಿಕೆ ಸರಿಮಾಡಿ ಬಂದ ಮಗು ಇಲ್ಲಿ ಹೇಗೆ ಹತ್ತಿ ಕೂತಿತು? ಬಸ್ಸು ನಿಂತಿತು, ಜನ ಇಳಿದರು, ಯಾರೋ ಚಿಲ್ಲರೆ ಕೇಳಿದರು. ಅವಳು ಎಷ್ಟು ಕೊಟ್ಟಳೋ ಅವಳಿಗೇ ಗೊತ್ತಾಗಲಿಲ್ಲ.

ಎಲ್ಲರೂ ಇಳಿದ ಮೇಲೆ ಚನ್ನಬಸವ ಮೊಬೈಲು ಚಾಚಿದ. “ನಿನ್ನೆ ನಮ್ಮ ಗ್ರೂಪಿನಾಗ ವಿಡಿಯೊ ಬಂದಿತ್ರಿ. ನಿಮಗ ಗೊತ್ತದ ಅಂತ ಸುಮ್ಕಿದ್ದೆ.”

ವಿಡಿಯೊದಲ್ಲಿ ಅದೇ ಅಂಗಿ, ಅದೇ ಟೈ. ದಿವ್ಯಾ ಕೈಕಟ್ಟಿ ನಿಂತು ಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದಳು: “ನಾನು ಮೂರನೆಯ ತರಗತಿಯಿಂದ ಈ ಶಾಲೆಯಲ್ಲಿ ಕಲಿತೆ. ಇಲ್ಲಿನ ಗುರುಗಳು ಇಲ್ಲದಿದ್ದರೆ ನನ್ನಿಂದ ಇದು ಸಾಧ್ಯವಾಗುತ್ತಿರಲಿಲ್ಲ.” ಹೇಳಿ ಮುಗಿಸಿ ನಕ್ಕಳು.

ಸೌಮ್ಯ ಅದನ್ನು ಮತ್ತೆ ನೋಡಿದಳು, ಮತ್ತೂ ನೋಡಿದಳು. ಈ ಹುಡುಗಿ ಸುಳ್ಳು ಹೇಳುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ಸಕ್ಕರೆ ಕದ್ದು ತಿಂದರೆ ಕಾಲಿನ ಹೆಬ್ಬೆರಳು ನೋಡಿಕೊಂಡು ಇಲ್ಲ ಅನ್ನುತ್ತಾಳೆ, ದನಿ ಮೂಗಿಗೆ ಏರುತ್ತದೆ. ಇಲ್ಲಿ ಹಾಗಿಲ್ಲ. ಕಣ್ಣು ನೆಟ್ಟಗಿದೆ, ದನಿ ತಿಳಿಯಾಗಿದೆ. ಸುಳ್ಳಿಗಿಂತ ಆ ಸಲೀಸೇ ಅವಳನ್ನು ಹೆಚ್ಚು ಹೆದರಿಸಿತು.

ಯಲ್ಲಾಪುರಕ್ಕೆ ಹೊರಡಲು ಇನ್ನೂ ಹೊತ್ತಿತ್ತು. ಅವಳು ಖಾಕಿ ಅಂಗಿಯಲ್ಲೇ ಮೇರುಪ್ರಜ್ಞಾ ಶಾಲೆಗೆ ನಡೆದಳು. ಉಲ್ಲಾಸ ಎದ್ದು ನಿಂತು ಕುರ್ಚಿ ತೋರಿಸಿದ. ಚಿಕ್ಕ ವಯಸ್ಸು, ನಯವಾದ ಮಾತು.

“ಬನ್ನಿ ಮೇಡಂ, ಫ್ಲೆಕ್ಸ್ ನೋಡಿದ್ರಾ? ಚೆನ್ನಾಗಿ ಬಂದಿದೆ ಅಲ್ವಾ?”

“ಅವಳು ನಿಮ್ಮಲ್ಲಿ ಒಂದು ದಿನನೂ ಕಲೀಲಿಲ್ಲ.”

“ಮುಂದೆ ಕಲೀತಾಳಲ್ಲ ಮೇಡಂ. ಪ್ರಚಾರ ಅಂದ್ರೆ ಸ್ವಲ್ಪ ಹಾಗೇ. ಎಲ್ಲ ಕಡೆ ಮಾಡ್ತಾರೆ.”

“ತೆಗೀರಿ ಅದನ್ನ.”

ಉಲ್ಲಾಸನ ನಗು ಕರಗಲಿಲ್ಲ. “ನಿಮ್ಮ ಯಜಮಾನರೇ ಒಪ್ಪಿ ಕಳಿಸಿದ್ದು. ಮಗಳನ್ನ ಬೈಕಲ್ಲಿ ಕರ್ಕೊಂಡು ಬಂದೋರು ಅವರೇ. ಮನೇಲಿ ಹೇಳ್ಲಿಲ್ವಾ?”

ಸೌಮ್ಯ ಎದ್ದು ಹೊರಗೆ ಬಂದಳು. ಆ ದಿನ ಯಲ್ಲಾಪುರದವರೆಗೆ ಹೇಗೆ ಹೋದಳು, ಹೇಗೆ ಬಂದಳು ಎಂದು ಕೇಳಿದರೆ ಈಗಲೂ ಅವಳಿಗೆ ನೆನಪಾಗುವುದಿಲ್ಲ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನವೀನ ಅವಳಿಂದ ಏನನ್ನೂ ಮುಚ್ಚಿಟ್ಟವನಲ್ಲ. ಕೊಟ್ಟಿಗೆಯ ಕರು ಸೀನಿದರೂ ಫೋನ್ ಮಾಡಿ ಹೇಳುವ ಗಂಡಸು.

ಸಂಜೆ ಅವಳು ಮನೆಗೆ ಬಂದು ಚೀಲ ಇಳಿಸದೆ ಕೇಳಿದಳು. ಅತ್ತೆ ಹೊನ್ನಿ ಜಗಲಿಯಲ್ಲಿ ಹುರಳಿ ಆರಿಸುತ್ತಿದ್ದಳು. ನವೀನನಿಗಿಂತ ಮೊದಲು ಅವಳೇ ಉತ್ತರ ಕೊಟ್ಟಳು, ಅದೂ ಹೆಮ್ಮೆಯಿಂದ. “ಹೋದ ವಾರನೇ ಹೋಗಿದ್ರು. ಅಂಗಿ, ಟೈ ಎಲ್ಲ ಅವರೇ ಕೊಟ್ರಂತೆ. ಮದುಮಗಳ ಹಾಂಗೆ ಕಂಡಳಂತೆ. ನಿಂಗೆ ಗೊತ್ತಿಲ್ವನೆ?”

ನವೀನ ತಲೆ ತಗ್ಗಿಸಿದ. “ನಿಂಗೆ ಹೇಳಿದ್ರೆ ಬೇಡ ಅಂತಿದ್ದೆ.”

“ಅದಕ್ಕೇ ಹೇಳಲಿಲ್ಲ ನೀವು.”

“ಎಂತ ಮಾಡೂದು ಹೇಳು. ನವೋದಯಕ್ಕೆ ಹೋದ್ರೆ ಮಗು ವರ್ಷಕ್ಕೆ ಎರಡು ಸಲ ಮನೆಗೆ ಬರ್ತದೆ. ಅವರು ಅಂದ್ರು, ಒಂದು ಫೋಟೋ, ನಾಲ್ಕು ಮಾತು, ಅಷ್ಟು ಮಾಡಿದ್ರೆ ಸೀಟು ಗಟ್ಟಿ ಅಂತ. ನಾಲ್ಕು ಮಾತು ತಾನೆ ಅಂದ್ಕಂಡೆ.”

“ಮಗು ಬಾಯಲ್ಲಿ ಸುಳ್ಳು ಹೇಳಿಸಿದ್ರಿ.”

“ನಾ ಹೇಳ್ಸಲಿಲ್ಲ ಮಾರಾಯ್ತಿ. ಅವಳು ಹೆದರ್ತಾಳೇನೋ, ಬಿಟ್ಟು ಬರೋಣ ಅಂತಿದ್ದೆ. ಅವಳೇ ‘ಹೇಳ್ತೆ’ ಅಂದಳು. ಒಂದೇ ಸಲಕ್ಕೆ ಹೇಳಿ ಮುಗಿಸಿದಳು.”

ಸೌಮ್ಯ ಒಳಗೆ ಹೋದಳು. ದಿವ್ಯಾ ಗೋಡೆಗೆ ಒರಗಿ ಕೂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈಯಬೇಕೆಂದು ಬಾಯಿ ತುಂಬ ಮಾತು ತಂದವಳಿಗೆ ಕೊನೆಗೆ ಬಂದದ್ದು ಒಂದೇ ಪ್ರಶ್ನೆ. “ಎಂತಕ್ಕೆ ಹೇಳಿದ್ದೆ ಹಾಂಗೆ?”

ದಿವ್ಯಾ ಮುಖವೆತ್ತಿ ಅಮ್ಮನನ್ನು ನೋಡಿದಳು. “ಶಿರಸಿ ಶಾಲೆ ಆದ್ರೆ ನಿನ್ನ ಬಸ್ಸಲ್ಲಿ ಹೋಗ್ಬಹುದು. ಬರೂದೂ ನಿನ್ನ ಬಸ್ಸೇ. ದಿನಾ.”

ಸೌಮ್ಯ ಮಗಳ ಪಕ್ಕ ಕೂತಳು. ಇಡೀ ದಿನ ಹೊತ್ತು ತಂದ ಸಿಟ್ಟನ್ನು ಇಳಿಸಲು ಜಾಗವೇ ಇಲ್ಲದಂತಾಯಿತು. ನವೋದಯವೋ ಶಿರಸಿಯೋ ಎಂದು ಎರಡು ವಾರ ಗಂಡ ಹೆಂಡತಿ ಹಗ್ಗ ಎಳೆದಾಡಿದ್ದರು. ಯಾವ ಶಾಲೆಯ ಗಣಿತ ಒಳ್ಳೆಯದು, ಯಾವುದರಲ್ಲಿ ಮುಂದೆ ದಾರಿಯಿದೆ ಎಂದು ಬಸ್ಸಿಗೆ ಬರುವ ಮಾಸ್ತರುಗಳನ್ನೆಲ್ಲ ಸೌಮ್ಯ ಕೇಳಿದ್ದಳು. ಈ ಹುಡುಗಿಯ ಲೆಕ್ಕ ಬೇರೆಯೇ ಇತ್ತು, ಅದನ್ನು ಯಾರೂ ಕೇಳಿರಲಿಲ್ಲ.

ಮರುದಿನ ಅವಳು ರಜೆ ಹಾಕಿ ಶಾಲೆಗೆ ಹೋದಳು. ಗಂಗಾಂಬಿಕಾ ಅಕ್ಕೋರು ಮಕ್ಕಳ ಊಟ ಮುಗಿಯುವುದನ್ನು ಕಾಯುತ್ತ ಕಂಬಕ್ಕೆ ಒರಗಿ ನಿಂತಿದ್ದರು. ಯಾವಾಗಲೂ “ಬರ್ರಿ ಬರ್ರಿ” ಅನ್ನುವವರು ಇಂದು ಕುರ್ಚಿ ಮಾತ್ರ ತೋರಿಸಿದರು. ಅವರೂ ವಿಡಿಯೊ ನೋಡಿದ್ದರು.

“ಅಕ್ಕೋರೆ, ನಂಗೆ ಗೊತ್ತಿರ್ಲಿಲ್ಲ” ಎಂದಳು ಸೌಮ್ಯ.

“ತಿಳೀತದ ಬಿಡ್ರಿ.”

“ಅವಳ ಮೇಲೆ ಸಿಟ್ಟಾಗ್ಬೇಡಿ.”

ಅಕ್ಕೋರು ತಟ್ಟೆ ತೊಳೆಯುವ ಮಕ್ಕಳ ಕಡೆ ನೋಡುತ್ತ ಹೇಳಿದರು. “ಮಕ್ಕಳು ಸುಳ್ಳು ಹೇಳ್ತಾವ. ಅದಕ್ಕ ನಾ ಸಿಟ್ಟಾಗೂದಿಲ್ಲ. ದೊಡ್ಡೋರ ಸುಳ್ಳು ತಂದು ಅಕಿ ಬಾಯಾಗ ಇಟ್ಟಾರಲ್ಲ, ಅದು ನನಗ ತಡಕೊಳ್ಳಾಕ ಆಗವಲ್ದು.” ಆಮೇಲೆ ದನಿ ತಗ್ಗಿಸಿದರು. “ಇನ್ನೊಂದು ಮಾತದ. ಹಳ್ಳಿ ಮಕ್ಕಳಿಗೆ ಅಂತ ಇಟ್ಟ ಸೀಟಿನಾಗ ಅಕಿ ಹೆಸರು ಬಂದದ. ಮೂರು, ನಾಕು, ಐದು, ಮೂರೂ ವರ್ಷ ಹಳ್ಳಿ ಸಾಲ್ಯಾಗ ಕಲ್ತಿರಬೇಕು. ಶಿರಸಿ ಪ್ಯಾಟ್ಯಾಗ ಕಲ್ತೆ ಅಂತ ಅಕಿ ತನ್ನ ಬಾಯಿಲೇ ಹೇಳ್ಯಾಳ. ಯಾರರ ಅದನ್ನ ತೋರ್ಸಿದ್ರ ಏನ್ ಮಾಡೂದು?”

ಇದು ಸೌಮ್ಯಳಿಗೆ ಹೊಳೆದೇ ಇರಲಿಲ್ಲ. ನವೀನನಿಗಂತೂ ಈ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ.

ವಿಷಯ ತಿಳಿದ ನವೀನ ಕೂಡಲೇ ಬೈಕು ಹತ್ತಿದ. ಹಾಡಹಗಲೇ ಶಿರಸಿಯಲ್ಲಿ ಅಂಗಡಿಯವನ ಏಣಿ ಕೇಳಿ ಹತ್ತಿ, ಸೊಂಟದ ಕತ್ತಿಯಿಂದ ಹಗ್ಗ ಕೊಯ್ದು ಫ್ಲೆಕ್ಸು ಇಳಿಸಿದ. ನೀನು ಯಾರೆಂದು ಕೆಳಗೆ ನಿಂತವರು ಕೇಳಿದ್ದಕ್ಕೆ, “ಅವಳ ಅಪ್ಪ” ಎಂದನಂತೆ. ಮುಖ ಒಳಗೆ ಬರುವ ಹಾಗೆ ಮಡಚಿ ಮನೆಗೆ ತಂದು ಶುಂಠಿ ಬೀಜದ ರಾಶಿಗೆ ಮುಚ್ಚಿದ. ಸಂಜೆ ಉಲ್ಲಾಸ ಫೋನ್ ಮಾಡಿ, ಇನ್ನು ನಮ್ಮಲ್ಲಿ ಸೀಟಿಲ್ಲ ಎಂದ. “ಆಯ್ತು” ಎಂದು ನವೀನ ಇಟ್ಟುಬಿಟ್ಟ. ಆದರೆ ವಿಡಿಯೊ ಇಳಿಸಲು ಏಣಿಯಿಲ್ಲ. ಅದು ಆಗಲೇ ಯಾರ್ಯಾರದೋ ಮೊಬೈಲಿನಲ್ಲಿ ಮನೆ ಮಾಡಿತ್ತು.

ನವೋದಯದಲ್ಲಿ ದಾಖಲೆ ಪರಿಶೀಲನೆಯ ದಿನ ಸೌಮ್ಯ, ದಿವ್ಯಾ, ಗಂಗಾಂಬಿಕಾ ಅಕ್ಕೋರು ಮೂವರೂ ಹೋದರು. ಅಕ್ಕೋರನ್ನು ಯಾರೂ ಕರೆದಿರಲಿಲ್ಲ. “ನಾನೂ ಬರ್ತೀನಿ” ಎಂದು ಬೆಳಿಗ್ಗೆ ಬಂದು ಬಸ್ಸು ಹತ್ತಿದ್ದರು. ದಾರಿಯುದ್ದಕ್ಕೂ ದಿವ್ಯಾ ಅವರ ಪಕ್ಕ ಕೂರದೆ ಹಿಂದಿನ ಸೀಟಿನಲ್ಲಿ ಕೂತಳು.

ಪರಿಶೀಲನೆಗೆ ಕೂತವರು ನಡುವಯಸ್ಸಿನ ಶಾಂತ ಹೆಂಗಸು. ಎಲ್ಲ ಕಾಗದ ನೋಡಿ ಮುಗಿಸಿದವರು, ಮೊಬೈಲು ತೆಗೆದು ಮೇಜಿನ ಮೇಲಿಟ್ಟರು. “ಒಂದು ದೂರು ಬಂದಿದೆ” ಎಂದು ವಿಡಿಯೊ ಹಾಕಿದರು. ಆ ತಿಳಿಯಾದ ದನಿ ಕೋಣೆಯಲ್ಲಿ ಮತ್ತೊಮ್ಮೆ ಕೇಳಿತು. ಏನು ಹೇಳಬೇಕೆಂದು ಸೌಮ್ಯ ರಾತ್ರಿಯೆಲ್ಲ ಜೋಡಿಸಿಕೊಂಡದ್ದು ಒಂದೂ ನೆನಪಿಗೆ ಬರಲಿಲ್ಲ.

ಅಷ್ಟರಲ್ಲಿ ದಿವ್ಯಾ ಮಾತಾಡಿದಳು. “ಅದು ಸುಳ್ಳು ಮೇಡಂ. ಅಂಗಿಯೂ ನಂದಲ್ಲ.”

“ಯಾರು ಹೇಳಿಸಿದರು?”

“ಬರ್ಕೊಟ್ಟಿದ್ದು ಅವರು. ಹೇಳಿದ್ದು ನಾನೇ.”

ಆ ಹೆಂಗಸು ಕನ್ನಡಕ ತೆಗೆದರು. “ಅವತ್ತು ಇಷ್ಟು ಚೆನ್ನಾಗಿ ಸುಳ್ಳು ಹೇಳಿದೀಯ. ಇವತ್ತು ಹೇಳ್ತಿರೋದು ನಿಜ ಅಂತ ನಾನು ಹೇಗೆ ನಂಬಲಿ?”

ಉತ್ತರ ತಿಳಿಯದ ಪ್ರಶ್ನೆ ದಿವ್ಯಾಳ ಎದುರು ಬಂದದ್ದನ್ನು ಸೌಮ್ಯ ಅದೇ ಮೊದಲು ನೋಡಿದ್ದು. ಹುಡುಗಿ ತಿರುಗಿ ಅಕ್ಕೋರ ಕಡೆ ನೋಡಿದಳು, ಆದರೆ ನೀವು ಹೇಳಿ ಎಂದು ಕೇಳುವ ಧೈರ್ಯ ಸಾಲಲಿಲ್ಲ.

ಗಂಗಾಂಬಿಕಾ ಅಕ್ಕೋರು ಎದ್ದು ನಿಂತರು. “ಮೇಡಂ, ಮೂರನೇ ಇಯತ್ತೆಯಿಂದ ಅಕಿಗೆ ಕಲಿಸಿದಾಕಿ ನಾನು. ಒಂದಿನಾನೂ ಬ್ಯಾರೆ ಸಾಲಿಗೆ ಹೋಗಿಲ್ಲ. ಬೇಕಂದ್ರ ಊರಿಗೆ ಬಂದು ಯಾರನ್ನರ ಕೇಳ್ರಿ. ಸುಳ್ಳು ಹೇಳಿದ್ದು ತಪ್ಪು. ಅದಕ್ಕ ಏನು ಶಿಕ್ಷೆ ಕೊಡಬೇಕೋ ನಾ ಕೊಡ್ತೀನಿ. ಸೀಟು ಕಸ್ಕೋಬ್ಯಾಡ್ರಿ.”

ಊರಿನ ಶಾಲೆಯಿಂದ, ಪಂಚಾಯತಿಯಿಂದ ವಿಚಾರಿಸಿ ತಿಳಿಸುತ್ತೇವೆ ಎಂದು ಕಳಿಸಿದರು. ಹತ್ತು ದಿನದ ಮೇಲೆ ಫೋನು ಬಂತು, ಸೀಟು ಉಳಿದಿತ್ತು.

ಈ ಸಲ ಸೌಮ್ಯ ಯಾವ ಮಾಸ್ತರನ್ನೂ ಕೇಳಲಿಲ್ಲ. ಮಗಳನ್ನು ಕೂರಿಸಿಕೊಂಡು ಹೇಳಿದಳು. “ನವೋದಯ ಉಂಟು. ಊರ ಶಾಲೆ ಉಂಟು. ಊರಲ್ಲೇ ಇರ್ತೆ ಅಂದ್ರೆ ನಾನು ಬೇರೆ ಡ್ಯೂಟಿ ಕೇಳಿ ನೋಡ್ತೆ, ಸಂಜೆ ಬೇಗ ಬರೂ ಹಾಂಗೆ. ಯಾವುದಾದ್ರೂ ಅಡ್ಡಿಲ್ಲ. ನೀನೇ ಹೇಳು.”

“ನೀ ಹೇಳಿದ ಹಾಂಗೆ.”

“ನಾ ಹೇಳೂದಿಲ್ಲ.”

ದಿವ್ಯಾಳಿಗೆ ಅದು ಹೊಸದು. ಎರಡು ದಿನ ಮಂಕಾಗಿ ಓಡಾಡಿದಳು. ಪರಿಶೀಲನೆಯಿಂದ ಬಂದಾಗಿನಿಂದ ಅವಳು ಅಕ್ಕೋರ ಮನೆಯ ಕಡೆ ಹೋಗಿರಲಿಲ್ಲ, ಶಾಲೆಗೂ ಬೇಸಿಗೆ ರಜೆ. ಮೂರನೆಯ ದಿನ ಸಂಜೆ ಯಾರಿಗೂ ಹೇಳದೆ ಒಬ್ಬಳೇ ಹೋದಳು. ಅಲ್ಲಿ ಏನು ಮಾತಾಯಿತೋ, ಅಕ್ಕೋರು ಹೇಳಿದ ಶಿಕ್ಷೆ ಏನಾಯಿತೋ ಸೌಮ್ಯಳಿಗೆ ಇವತ್ತಿಗೂ ತಿಳಿದಿಲ್ಲ. ಕೇಳಿದರೆ ಇಬ್ಬರೂ ಹೇಳುವುದಿಲ್ಲ. ಹುಡುಗಿ ಬಂದವಳು ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು.

“ಅಮ್ಮ, ನಾನು ನವೋದಯಕ್ಕೆ ಹೋಗ್ತೆ.”

ಸೌಮ್ಯಳ ಕೈಯಲ್ಲಿದ್ದ ಸೌಟು ನಿಂತಿತು. ತಾನೇ ಮೊದಲಿನಿಂದ ಬಯಸಿದ ಉತ್ತರವದು. ಆದರೆ ಈ ಎರಡು ದಿನದಲ್ಲಿ ಬೇರೆ ಉತ್ತರಕ್ಕೆ ಮನಸ್ಸು ಎಷ್ಟು ಒಗ್ಗಿಬಿಟ್ಟಿತ್ತು ಎಂದು ಅವಳಿಗೆ ಆಗಲೇ ತಿಳಿದದ್ದು. ಡಿಪೋದಲ್ಲಿ ಯಾರನ್ನು ಕೇಳಬೇಕು, ಸಂಜೆ ಮಗಳ ಜೊತೆ ಏನೇನು ಮಾಡಬಹುದು ಎಂದೆಲ್ಲ ಒಳಗೊಳಗೇ ಯೋಚಿಸಿಬಿಟ್ಟಿದ್ದಳು.

“ಬಸ್ಸು?” ಎಂದಳು.

“ರಜೆಗೆ ಬಂದಾಗ ನಾ ಹತ್ತುತ್ತೆ” ಎಂದಳು ದಿವ್ಯಾ.

ಸೇರಿಸಲು ಹೋದ ದಿನ ಅತ್ತವನು ನವೀನ ಒಬ್ಬನೇ. ಹುಡುಗಿ ಟ್ರಂಕಿನ ಒಂದು ಹಿಡಿಕೆ ತಾನು ಹಿಡಿದು, ಇನ್ನೊಂದನ್ನು ಗುರುತಿಲ್ಲದ ಬೇರೊಬ್ಬಳ ಕೈಗೆ ಕೊಟ್ಟು ನಡೆದುಬಿಟ್ಟಳು. ಮನೆಯಲ್ಲಿ ಹೊನ್ನಿ ಒಂದು ವಾರ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಅನ್ನಕ್ಕೆ ಅಕ್ಕಿ ಅಳೆಯುವಾಗೆಲ್ಲ ಒಂದು ಹಿಡಿ ಹೆಚ್ಚು ಬೀಳುತ್ತಿತ್ತು.

ಮೊದಲ ಫೋನು ಒಂದು ಭಾನುವಾರ ಬಂತು. ಸೌಮ್ಯ ಆಗ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದಳು. ಮಗು ಅಳುತ್ತದೆ, ಅತ್ತರೆ ಏನು ಹೇಳಬೇಕು ಎಂದು ಎದೆ ಗಟ್ಟಿಮಾಡಿಕೊಂಡೇ ಎತ್ತಿದಳು.

“ಅಮ್ಮ, ಇಲ್ಲಿ ನನಗಿಂತ ಹುಷಾರಿದ್ದವರು ರಾಶಿ ಜನ ಇದ್ದಾರೆ” ಎಂದಿತು ಆ ಕಡೆಯ ದನಿ. “ಗಣಿತ ಟೆಸ್ಟಲ್ಲಿ ನಂಗೆ ಇಪ್ಪತ್ತೈದಕ್ಕೆ ಹದಿಮೂರು.”

ಸೌಮ್ಯ ಚಹಾದ ಲೋಟ ಕಟ್ಟೆಯ ಮೇಲಿಟ್ಟಳು. ಗಣಿತದಲ್ಲಿ ಈ ಹುಡುಗಿಗೆ ಹದಿಮೂರು. “ಹದಿಮೂರಾ?”

“ಹ್ಞೂಂ. ನಂಗೆ ಬಾರದ್ದು ಒಂದು ಲೆಕ್ಕ ಇತ್ತಮ್ಮ. ಎಷ್ಟು ನೋಡಿದ್ರೂ ಬರಲೇ ಇಲ್ಲ. ಪಕ್ಕದ ಹಾಸಿಗೆಯವಳಿಗೆ ಬಂತು. ಇವತ್ತು ಹೇಳ್ಕೊಡ್ತಾಳಂತೆ.” ಹಿಂದೆ ಹುಡುಗಿಯರ ಗಲಾಟೆ, ಯಾರೋ ಅವಳ ಹೆಸರು ಹಿಡಿದು ಕೂಗಿದರು. “ಅಮ್ಮ, ಕರೀತಿದ್ದಾರೆ. ಇಡ್ತೆ.”

ಅವಳು ನಗುತ್ತಿದ್ದಳು. ಸೌಮ್ಯ ಮೊಬೈಲು ಕಿವಿಯಿಂದ ತೆಗೆದು, ಆರಿದ ಪರದೆಯನ್ನು ನೋಡುತ್ತ ನಿಂತಳು. ಹದಿಮೂರು ತೆಗೆದುಕೊಂಡದ್ದಕ್ಕೆ ಬೈಯಬೇಕಿತ್ತೋ, ಇಷ್ಟು ಬೇಗ ಇಟ್ಟದ್ದಕ್ಕೆ ಬೇಸರಿಸಬೇಕಿತ್ತೋ ಅವಳಿಗೆ ಬಗೆಹರಿಯಲಿಲ್ಲ. ಚನ್ನಬಸವ ಬಸ್ಸು ಶುರು ಮಾಡಿ, “ಏನಂತಾಳ್ರಿ ಮಗಳು?” ಎಂದು ಕೇಳಿದ.

“ಗಣಿತದಲ್ಲಿ ಹದಿಮೂರಂತೆ” ಎಂದಳು ಸೌಮ್ಯ, ಬಸ್ಸು ಹತ್ತುತ್ತ. “ನಗ್ತಿದ್ದಾಳೆ.”